ಪ್ಲೇಗಿಗೆ ಮದ್ದು ತಂದ ಮಹನೀಯ ಹಾಫ್‌ಕಿನ್

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬುದು ನಮ್ಮ ಹಿರಿಯರ ಗಾದೆ. ಕಾಲಿಗೆ ಹೊಕ್ಕ ಮುಳ್ಳಿನ ವಿಷಯದಲ್ಲಿ ಈ ಮಾತು ಎಷ್ಟು ನಿಜವೋ, ಮೈಗೆ ಹೊಗುವ ರೋಗದ ವಿಷಯದಲ್ಲಿಯೂ ಅಷ್ಟೇ ನಿಜ. ರೋಗ ತರುವ ಕ್ರಿಮಿಯ ಶಕ್ತಿಯನ್ನು ಕುಂದಿಸಿ ಅಥವಾ ಅದನ್ನು ಕೊಂದು, ಅದನ್ನೇ ಮದ್ದಾಗಿ ಮೈಗೆ ಸೇರಿಸಿದರೆ, ಮುಂದೆ ಬರಬಹುದಾದ ಅದೇ ರೋಗವನ್ನು ಎದುರಿಸಲು ದೇಹ ಸಿದ್ಧವಾಗಿರುತ್ತದೆ. ಲಸಿಕೆ ಎಂದು ನಾವು ಕರೆಯುವುದು ಇದನ್ನೇ. ಈ ವಿದ್ಯೆಯನ್ನು ಕಾಲರಾ ಮತ್ತು ಪ್ಲೇಗು ಎಂಬ ಎರಡು ಮಹಾಮಾರಿಗಳ ಎದುರಿಗೆ ನಿಲ್ಲಿಸಿ, ನಮ್ಮ ದೇಶದ ಅಸಂಖ್ಯಾತ ಜನರ ಪ್ರಾಣ ಉಳಿಸಿದವರು ವಾಲ್ಡೆಮಾರ್ ಹಾಫ್‌ಕಿನ್‌ರವರು. ಎಲ್ಲಿಯೋ ಕಪ್ಪುಸಮುದ್ರದ ದಡದಲ್ಲಿ ಹುಟ್ಟಿ, ನಮ್ಮ ಜನರಿಗಾಗಿ ದುಡಿದು, ತಾವು ಮಾಡದ ತಪ್ಪಿಗೆ ಅಪವಾದ ಹೊತ್ತು, ಆದರೂ ಕಹಿಯಾಗದೆ ಬಾಳಿದ ಈ ಮಹನೀಯರ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಯರಿಗೂ ತಿಳಿಸಬೇಕೆಂಬುದು ನಮ್ಮ ಆಸೆ.

ನಮ್ಮ ಸೀಮೆಗೆ ಬಂದ ಮಾರಿ

ಇಂದಿನ ಮಕ್ಕಳಿಗೆ ಪ್ಲೇಗು ಎಂದರೆ ಪುಸ್ತಕದಲ್ಲಿ ಓದುವ ಒಂದು ಹೆಸರು. ನಮ್ಮ ಅಜ್ಜ ಅಜ್ಜಿಯರ ಹಿರಿಯರಿಗೆ ಅದು ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಮೃತ್ಯು. ಅಟ್ಟದ ಮೇಲಿಂದ ಒಂದು ಇಲಿ ಸತ್ತು ಬಿದ್ದರೆ ಸಾಕು, ಇಲಿ ಬಿತ್ತು ಎಂಬ ಸುದ್ದಿ ಊರೆಲ್ಲ ಹಬ್ಬುತ್ತಿತ್ತು. ಜನರು ಗಂಟುಮೂಟೆ ಕಟ್ಟಿ, ದನಕರುಗಳನ್ನು ಹೊಡೆದುಕೊಂಡು ಊರು ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಿದ್ದರು. ರೋಗ ತಗುಲಿದವರಿಗೆ ಮೊದಲು ಜ್ವರ, ಆಮೇಲೆ ತೊಡೆಸಂದಿಯಲ್ಲಿಯೋ ಕಂಕುಳಲ್ಲಿಯೋ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಹೆಣ ಹೊರುವುದಕ್ಕೂ ಜನ ಸಿಕ್ಕದ ಊರುಗಳಿದ್ದವು. ದಿಕ್ಕು ಕಾಣದ ಜನರು ಪ್ಲೇಗಮ್ಮನೆಂದು ಮಾರಿಗೆ ಹೆಸರಿಟ್ಟು, ಗುಡಿ ಕಟ್ಟಿ ಪೂಜಿಸಿದರು.

ಈ ರೋಗ 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿತು. ರೈಲು ಹೋದ ದಾರಿಯಲ್ಲೆಲ್ಲ ಅದೂ ಹೋಯಿತು. ಹುಬ್ಬಳ್ಳಿ ಧಾರವಾಡಗಳನ್ನು ಹೊಕ್ಕು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಬೆಂಗಳೂರಿನಿಂದ ಹೊಸೂರು ಎಷ್ಟು ದೂರ? ಗಾಡಿಯಲ್ಲಿ ಒಂದು ದಿನದ ದಾರಿ. ಸಂತೆಗೆ, ಮದುವೆಗೆ, ಕೂಲಿಗೆ ಹೋಗಿ ಬರುವ ಜನರಿಗೆ ಗಡಿ ಎಂಬುದು ಎಂದೂ ಅಡ್ಡಿಯಾಗಿರಲಿಲ್ಲ, ರೋಗಕ್ಕೂ ಅಡ್ಡಿಯಾಗಲಿಲ್ಲ. ಆಗ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ, ಧರ್ಮಪುರಿಗಳೆಲ್ಲ ಸೇಲಂ ಜಿಲ್ಲೆಗೆ ಸೇರಿದ್ದವು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ. ಹೊಸೂರು, ಡೆಂಕಣಿಕೋಟೆಗಳು ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದು 2004ರಲ್ಲಿ. ರೋಗವಿದ್ದ ಕಡೆಯಿಂದ ಬರುವ ಪ್ರಯಾಣಿಕರಿಗೆ ಮದರಾಸು ಸರ್ಕಾರ ಪ್ಲೇಗು ಪಾಸ್‌ಪೋರ್ಟ್ ಎಂಬ ಚೀಟಿ ಕೊಡುತ್ತಿತ್ತು. ಅದನ್ನು ಪಡೆದವರು ಹತ್ತು ದಿನಗಳವರೆಗೆ ಅಧಿಕಾರಿಗಳ ಮುಂದೆ ಹಾಜರಾಗಿ, ತಮಗೆ ಜ್ವರವಿಲ್ಲವೆಂದು ತೋರಿಸಬೇಕಾಗಿತ್ತು.

ಹೀಗೆ ದೇಶವೇ ನಡುಗುತ್ತಿದ್ದ ಹೊತ್ತಿನಲ್ಲಿ ಮುಂಬಯಿಯ ಒಂದು ಕೋಣೆಯಲ್ಲಿ ಕುಳಿತು ಈ ಮಾರಿಗೆ ಮದ್ದು ಮಾಡುತ್ತಿದ್ದವರು ಹಾಫ್‌ಕಿನ್‌ರವರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಾಫ್‌ಕಿನ್‌ರವರು 1860ರ ಮಾರ್ಚ್ 15ರಂದು ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ ಒಂದು ಯಹೂದಿ ವರ್ತಕರ ಮನೆಯಲ್ಲಿ ಜನಿಸಿದರು. ಆ ನಗರ ಈಗ ಯುಕ್ರೇನ್ ದೇಶಕ್ಕೆ ಸೇರಿದೆ. ಒಡೆಸ್ಸಾದ ವಿಶ್ವವಿದ್ಯಾನಿಲಯದಲ್ಲಿ ಅವರು ಪ್ರಾಣಿಶಾಸ್ತ್ರ ಓದಿದರು. ಅಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಇಲ್ಯಾ ಮೆಚ್ನಿಕಾಫ್. ಮುಂದೆ 1908ರಲ್ಲಿ ನೊಬೆಲ್ ಬಹುಮಾನ ಪಡೆದ ಮಹಾ ವಿಜ್ಞಾನಿ ಇವರೇ. ಒಳ್ಳೆಯ ಗುರು ಸಿಕ್ಕುವುದು ವಿದ್ಯಾರ್ಥಿಯ ಭಾಗ್ಯ. ಆ ಗುರುವಿನ ಕೈ ಬಿಡದಿರುವುದು ವಿದ್ಯಾರ್ಥಿಯ ಜಾಣತನ. ಹಾಫ್‌ಕಿನ್‌ರಿಗೆ ಎರಡೂ ಇದ್ದವು.

ಆ ಕಾಲದ ರಷ್ಯಾದಲ್ಲಿ ಯಹೂದಿಗಳ ಬಾಳು ಕಷ್ಟದ್ದಾಗಿತ್ತು. 1881ರಲ್ಲಿ ಅವರ ಮನೆ ಅಂಗಡಿಗಳ ಮೇಲೆ ದಾಳಿಗಳು ನಡೆದವು. ತಮ್ಮವರನ್ನು ಕಾಪಾಡಲು ಕಟ್ಟಿದ ಯುವಕರ ತಂಡದಲ್ಲಿ ಸೇರಿ ಹಾಫ್‌ಕಿನ್‌ರವರು ಗಾಯಗೊಂಡರು, ಸೆರೆಗೂ ಹೋದರು. ಗುರುಗಳಾದ ಮೆಚ್ನಿಕಾಫ್‌ರು ಮಧ್ಯೆ ಬಂದು ಅವರನ್ನು ಬಿಡಿಸಿದರು. ಓದು ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಬಂದಿತು. ಸರ್ಕಾರಿ ಮತಕ್ಕೆ ಸೇರಿದರೆ ಅಧ್ಯಾಪಕರ ಹುದ್ದೆ ದೊರೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅವರು ತಮ್ಮ ಹಿರಿಯರ ಮತವನ್ನು ಬಿಡಲು ಒಪ್ಪಲಿಲ್ಲ. ಒಡೆಸ್ಸಾದ ವಸ್ತುಸಂಗ್ರಹಾಲಯದ ಸಣ್ಣ ಕೆಲಸದಲ್ಲಿಯೇ ಕೆಲವು ವರ್ಷ ಕಳೆದು, 1888ರಲ್ಲಿ ದೇಶ ಬಿಟ್ಟು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದರು.

ಅಷ್ಟರಲ್ಲಿ ಮೆಚ್ನಿಕಾಫ್‌ರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಬಂದಿದ್ದರು. ಹುಚ್ಚುನಾಯಿ ಕಡಿತಕ್ಕೆ ಮದ್ದು ಕಂಡುಹಿಡಿದ ಲೂಯಿ ಪಾಶ್ಚರ್‌ರವರ ಸಂಸ್ಥೆ ಅದು. ಗುರುವನ್ನು ಹುಡುಕಿಕೊಂಡು ಶಿಷ್ಯನೂ ಅಲ್ಲಿಗೆ ಹೋದರು. ಅಲ್ಲಿ ಖಾಲಿಯಿದ್ದದ್ದು ಪುಸ್ತಕ ಭಂಡಾರದ ಕೆಲಸವೊಂದೇ. ಅದನ್ನೇ ಸಂತೋಷದಿಂದ ಒಪ್ಪಿಕೊಂಡು, ಪುಸ್ತಕಗಳನ್ನು ಜೋಡಿಸಿಟ್ಟ ಮೇಲೆ ಉಳಿದ ಹೊತ್ತಿನಲ್ಲಿ ಪ್ರಯೋಗಶಾಲೆಯಲ್ಲಿ ಕೆಲಸ ಕಲಿತರು. ಬಿಡುವಾದಾಗ ಪಿಟೀಲು ನುಡಿಸುತ್ತಿದ್ದರು. ಕೆಲಸ ಸಣ್ಣದೆಂದು ಮೂಗು ಮುರಿಯುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ದೇಹವೆಂಬ ಕೋಟೆ

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಲಸಿಕೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿದುಕೊಳ್ಳೋಣ. ನಮ್ಮ ದೇಹವನ್ನು ಕೃಷ್ಣಗಿರಿಯ ಕೋಟೆಗೆ ಹೋಲಿಸಬಹುದು. ಚರ್ಮವೇ ಹೊರಗೋಡೆ. ಗೋಡೆ ಒಡೆದು ಕ್ರಿಮಿಗಳು ಒಳಗೆ ಬಂದರೆ, ಕಾವಲಿನಲ್ಲಿರುವ ಬಿಳಿಯ ರಕ್ತಕಣಗಳು ಅವುಗಳನ್ನು ಹಿಡಿದು ನುಂಗುತ್ತವೆ. ಇದನ್ನು ಮೊದಲು ಕಂಡವರು ಮೆಚ್ನಿಕಾಫ್‌ರೇ. 1882ರಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳೊಂದನ್ನು ಚುಚ್ಚಿ ನೋಡಿದಾಗ, ಮುಳ್ಳಿನ ಸುತ್ತಲೂ ಜೀವಕೋಶಗಳು ಮುತ್ತಿಕೊಂಡಿದ್ದವು. ಇದಲ್ಲದೆ ದೇಹವು ಪ್ರತಿಕಾಯಗಳೆಂಬ ವಸ್ತುಗಳನ್ನೂ ತಯಾರಿಸುತ್ತದೆ. ಒಂದು ಬೀಗಕ್ಕೆ ಒಂದೇ ಕೀಲಿಕೈ ಹೊಂದುವಂತೆ, ಒಂದೊಂದು ಬಗೆಯ ಕ್ರಿಮಿಗೆ ಒಂದೊಂದು ಬಗೆಯ ಪ್ರತಿಕಾಯ.

ಹೊಸ ಶತ್ರು ಮೊದಲ ಸಲ ಬಂದಾಗ ಪ್ರತಿಕಾಯಗಳು ಸಾಕಷ್ಟು ತಯಾರಾಗಲು ಒಂದೆರಡು ವಾರ ಬೇಕು. ಪ್ಲೇಗಿನಂತಹ ರೋಗ ಅಷ್ಟು ದಿನ ಕಾಯುವುದಿಲ್ಲ. ಆದರೆ ಒಮ್ಮೆ ಕಂಡ ಶತ್ರುವನ್ನು ದೇಹ ಮರೆಯುವುದಿಲ್ಲ. ಎರಡನೆಯ ಸಲ ಅದೇ ಶತ್ರು ಬಂದರೆ ಕೆಲವೇ ದಿನಗಳಲ್ಲಿ, ಮೊದಲಿಗಿಂತ ಹೆಚ್ಚಿನ ಬಲದಿಂದ ಎದುರಿಸುತ್ತದೆ. ಲಸಿಕೆಯೆಂದರೆ ಶತ್ರುವಿನ ಹೆಣವನ್ನೋ, ಹಲ್ಲು ಕಿತ್ತ ಶತ್ರುವನ್ನೋ ಕಾವಲುಗಾರರಿಗೆ ಮುಂಚಿತವಾಗಿ ತೋರಿಸಿ ಗುರುತು ಹೇಳಿಕೊಡುವುದು. ಈ ನೆನಪಿನ ಶಕ್ತಿಗೇ ರೋಗನಿರೋಧಕ ಶಕ್ತಿ ಎಂದು ಹೆಸರು.

ಕಾಲರಾ ಲಸಿಕೆ

ಪ್ಯಾರಿಸ್ಸಿನಲ್ಲಿ ಹಾಫ್‌ಕಿನ್‌ರವರು ಮೊದಲು ಹಿಡಿದ ಕೆಲಸ ಕಾಲರಾ ರೋಗದ್ದು. ವಾಂತಿಭೇದಿಯೆಂದು ನಮ್ಮವರು ಹೆದರುತ್ತಿದ್ದುದು ಇದಕ್ಕೇ. ಅವರು ಕಾಲರಾ ಕ್ರಿಮಿಗಳಿಂದ ಎರಡು ಬಗೆಯ ಲಸಿಕೆ ಮಾಡಿದರು. ಹೆಚ್ಚು ಕಾವಿನಲ್ಲಿ ಬೆಳೆಸಿ ಬಲ ಕುಂದಿಸಿದ ಕ್ರಿಮಿಗಳದು ಮೊದಲನೆಯದು. ಪ್ರಾಣಿಗಳ ದೇಹದಿಂದ ದೇಹಕ್ಕೆ ದಾಟಿಸಿ ಬಲ ಹೆಚ್ಚಿಸಿದ ಕ್ರಿಮಿಗಳದು ಎರಡನೆಯದು. ಮೊದಲು ಮೆತ್ತನೆಯದನ್ನು ಕೊಟ್ಟು, ಕೆಲವು ದಿನಗಳ ಮೇಲೆ ಬಲವಾದುದನ್ನು ಕೊಡುವುದು ಅವರ ಕ್ರಮ. ಪ್ರಾಣಿಗಳ ಮೇಲೆ ಪರೀಕ್ಷೆ ಮುಗಿದ ಮೇಲೆ, ಮನುಷ್ಯರಲ್ಲಿ ಮೊದಲು ಯಾರಿಗೆ ಕೊಡುವುದು? 1892ರ ಜುಲೈ 18ರಂದು ಅವರು ತಮ್ಮ ಮೈಗೇ ಅದನ್ನು ಚುಚ್ಚಿಕೊಂಡರು. ಜ್ವರ ಬಂದು ಬಿಟ್ಟಿತು, ಬೇರೆ ಅಪಾಯವಾಗಲಿಲ್ಲ. ಆಮೇಲೆ ಅವರ ರಷ್ಯನ್ ಗೆಳೆಯರು ಚುಚ್ಚಿಸಿಕೊಂಡರು.

ಕಾಲರಾದ ತವರು ಬಂಗಾಳ. ಆದುದರಿಂದ 1893ರಲ್ಲಿ ಅವರು ಕಲ್ಕತ್ತೆಗೆ ಬಂದಿಳಿದರು. ಆಗ ಅವರಿಗೆ 33 ವರ್ಷ. ಅವರು ವೈದ್ಯಪದವಿ ಪಡೆದವರಲ್ಲ, ಪ್ರಾಣಿಶಾಸ್ತ್ರಜ್ಞರು, ಇಂಗ್ಲಿಷರೂ ಅಲ್ಲ. ಹೀಗಾಗಿ ಅನೇಕ ಅಧಿಕಾರಿಗಳು ಅವರನ್ನು ಅನುಮಾನದಿಂದ ಕಂಡರು. ಜನರಿಗೂ ಸೂಜಿಯೆಂದರೆ ಭಯ. ಯಾರನ್ನೂ ಬಲವಂತ ಮಾಡದೆ, ಒಪ್ಪಿ ಬಂದವರಿಗೆ ಮಾತ್ರ ಕೊಡುವುದೆಂದು ಅವರು ನಿಶ್ಚಯಿಸಿಕೊಂಡರು. ಭಾರತೀಯ ವೈದ್ಯರನ್ನು ಜೊತೆಗೂಡಿಸಿಕೊಂಡು ಊರೂರು ಸುತ್ತಿದರು. ಸುಮಾರು ಎರಡೂವರೆ ವರ್ಷಗಳಲ್ಲಿ 42,000ಕ್ಕೂ ಹೆಚ್ಚು ಜನರು ಅವರ ಲಸಿಕೆ ಪಡೆದರು. 1894ರಲ್ಲಿ ಕಲ್ಕತ್ತೆಯ ಒಂದು ಬಡ ಕೇರಿಯಲ್ಲಿ ಕಾಲರಾ ಕಾಣಿಸಿದಾಗ, ಅಲ್ಲಿಯ ಸುಮಾರು ಇನ್ನೂರು ಜನರಲ್ಲಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ಆ ಬಳಿಕ ಅಲ್ಲಿ ರೋಗ ಬಿದ್ದವರೆಲ್ಲ ಲಸಿಕೆ ಪಡೆಯದವರೇ. ಈ ಲೆಕ್ಕ ಕಂಡ ಮೇಲೆ ಜನರು ತಾವಾಗಿಯೇ ಬರತೊಡಗಿದರು. ಹಗಲಿರುಳು ಅಲೆದದ್ದರಿಂದ ಮಲೇರಿಯ ತಗುಲಿ, ಹಾಫ್‌ಕಿನ್‌ರವರು 1895ರಲ್ಲಿ ಯೂರೋಪಿಗೆ ಹಿಂತಿರುಗಬೇಕಾಯಿತು. ಆದರೆ ಸುಮ್ಮನೆ ಕೂರದೆ 1896ರಲ್ಲಿ ಮತ್ತೆ ಬಂದರು.

ತುಪ್ಪದ ಹನಿ, ಆಲದ ಬಿಳಲು

ಅದೇ ವರ್ಷ ಮುಂಬಯಿಯಲ್ಲಿ ಪ್ಲೇಗು. ಸರ್ಕಾರ ಹಾಫ್‌ಕಿನ್‌ರನ್ನು ಅಲ್ಲಿಗೆ ಕಳುಹಿಸಿತು. ಪ್ಲೇಗಿನ ಕ್ರಿಮಿಯನ್ನು ಎರಡು ವರ್ಷ ಮೊದಲು, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಯರ್ಸಿನ್ ಎಂಬ ವಿಜ್ಞಾನಿ ಗುರುತಿಸಿದ್ದರು. ಅದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂದು ಸೀಮಂಡ್ ಎಂಬುವರು ತೋರಿಸಿಕೊಟ್ಟದ್ದು 1898ರಲ್ಲಿ. ಹಾಫ್‌ಕಿನ್‌ರವರು ಕೆಲಸಕ್ಕೆ ಕುಳಿತಾಗ ಕ್ರಿಮಿ ಗೊತ್ತಿತ್ತು, ಅದು ಬರುವ ದಾರಿ ಗೊತ್ತಿರಲಿಲ್ಲ.

ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟರಲ್ಲಿಯೇ ಮೂರು ತಿಂಗಳೊಳಗೆ ಅವರು ಲಸಿಕೆ ಸಿದ್ಧಪಡಿಸಿದರು. ಅದರ ಕ್ರಮ ನಮ್ಮ ಅಡುಗೆಮನೆಯವರಿಗೂ ತಿಳಿಯುವಂತಿದೆ. ಹಿಂದೂಗಳೂ ಮುಸಲ್ಮಾನರೂ ಆಕ್ಷೇಪಿಸಬಾರದೆಂದು ಆಡಿನ ಮಾಂಸದಿಂದ ತಿಳಿಸಾರು ಮಾಡಿ, ಅದರಲ್ಲಿ ಪ್ಲೇಗಿನ ಕ್ರಿಮಿಗಳನ್ನು ಬಿಡುತ್ತಿದ್ದರು. ಸಾರಿನ ಮೇಲೆ ತುಪ್ಪದ ಅಥವಾ ಕೊಬ್ಬರಿ ಎಣ್ಣೆಯ ಹನಿಗಳು ತೇಲುತ್ತಿದ್ದವು. ಆ ಹನಿಗಳಿಗೆ ಅಂಟಿಕೊಂಡು ಕ್ರಿಮಿಗಳು ಆಲದ ಮರದ ಬಿಳಲುಗಳಂತೆ ಕೆಳಗೆ ಇಳಿದು ಬೆಳೆಯುತ್ತಿದ್ದವು. ಸೀಸೆಯನ್ನು ಅಲುಗಿಸಿದರೆ ಬಿಳಲು ಕಳಚಿ ತಳ ಸೇರುತ್ತಿತ್ತು. ಹೊಸ ಬಿಳಲು ಇಳಿಯುತ್ತಿತ್ತು. ಸಾಕಷ್ಟು ಬೆಳೆದ ಮೇಲೆ ಸುಮಾರು 65 ರಿಂದ 70 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಕಾಯಿಸಿ ಕ್ರಿಮಿಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸುತ್ತಿದ್ದರು. ಕಾಲರಾ ಲಸಿಕೆಗೆ ಜೀವಂತ ಕ್ರಿಮಿ; ಪ್ಲೇಗಿನ ಲಸಿಕೆಗೆ ಸತ್ತ ಕ್ರಿಮಿ. ಸತ್ತ ಕ್ರಿಮಿಯನ್ನು ತೋರಿಸಿದರೂ ದೇಹ ಗುರುತು ಹಿಡಿಯುತ್ತದೆಂಬುದು ಅವರ ನಂಬಿಕೆಯಾಗಿತ್ತು.

ಈ ಸಲವೂ ಮೊದಲ ಚುಚ್ಚುಮದ್ದು ಅವರಿಗೇ. 1897ರ ಜನವರಿ 10ರಂದು 10 ಘನ ಸೆಂಟಿಮೀಟರ್ ಮದ್ದನ್ನು ತಾವೇ ತೆಗೆದುಕೊಂಡರು. ಮುಂದೆ ಜನರಿಗೆ ಕೊಡುತ್ತಿದ್ದುದಕ್ಕೆ ಇದು ಸುಮಾರು ಮೂರರಷ್ಟಿತ್ತು. ಜ್ವರವೂ ನೋವೂ ಬಂದವು. ಕೆಲವು ದಿನಗಳಲ್ಲಿ ಹೋದವು. ಆ ತಿಂಗಳ ಕೊನೆಗೆ ಮುಂಬಯಿಯ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿತು. ಖೈದಿಗಳಲ್ಲಿ ಒಪ್ಪಿದ ಸುಮಾರು ಅರ್ಧ ಜನರಿಗೆ ಮದ್ದು ಕೊಟ್ಟರು. ಎಲ್ಲರಿಗೂ ಒಂದೇ ಅನ್ನ, ಒಂದೇ ಗಾಳಿ. ಮದ್ದು ಪಡೆಯದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ತೀರಿಕೊಂಡರು. ಮದ್ದು ಪಡೆದವರಲ್ಲಿ ಇಬ್ಬರಿಗೆ ಮಾತ್ರ ರೋಗ ಬಂದಿತು, ಇಬ್ಬರೂ ಬದುಕಿದರು.

ಬಲವಂತವಲ್ಲ, ನಂಬಿಕೆ

ಆ ದಿನಗಳಲ್ಲಿ ಸರ್ಕಾರ ರೋಗಿಗಳನ್ನು ಮನೆಗಳಿಂದ ಎಳೆದೊಯ್ಯುತ್ತಿತ್ತು. ಸಿಪಾಯಿಗಳು ದೇವರ ಮನೆಯವರೆಗೂ ನುಗ್ಗುತ್ತಿದ್ದರು. ಪುಣೆಯಲ್ಲಿ ಜನರ ಸಿಟ್ಟು ಎಷ್ಟು ಬೆಳೆಯಿತೆಂದರೆ, 1897ರ ಜೂನಿನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಕೊಂದರು. ಹಾಫ್‌ಕಿನ್‌ರ ದಾರಿ ಇದಲ್ಲ. ಒಲಿಸಿ, ತಿಳಿಸಿ, ತೋರಿಸಿ ಕೊಡುವುದೇ ಅವರ ದಾರಿ. ಯುವಕರಾಗಿದ್ದ ಆಗಾಖಾನರು ತಮ್ಮ ಜನರ ಎದುರಿಗೆ ತಾವೇ ಚುಚ್ಚಿಸಿಕೊಂಡು, ಪ್ರಯೋಗಶಾಲೆಗೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. 1899ರಲ್ಲಿ ಪ್ರಯೋಗಶಾಲೆ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂದಿತು. ಅಲ್ಲಿಂದ ಮದ್ದಿನ ಸೀಸೆಗಳು ದೇಶದ ಮೂಲೆಮೂಲೆಗೂ ಹೊರಟವು.

ಕನ್ನಡ ನಾಡಿಗೂ ಅವು ಬಂದವು. ಹುಬ್ಬಳ್ಳಿಯಲ್ಲಿ 1898ರಲ್ಲಿ ಹತ್ತಾರು ಸಾವಿರ ಜನರು ಹಾಫ್‌ಕಿನ್ ಮದ್ದು ಪಡೆದರು. ದೇಶದಲ್ಲೇ ದೊಡ್ಡದೆನ್ನಿಸಿದ ಲಸಿಕೆ ಕಾರ್ಯಗಳಲ್ಲಿ ಅದೂ ಒಂದು. ಬೆಂಗಳೂರಿನಲ್ಲಿ ಪ್ಲೇಗು ರೋಗಿಗಳ ನಡುವೆ ನಿಂತು ದುಡಿದವರಲ್ಲಿ ಡಾಕ್ಟರ್ ಪಲ್ಪು ಒಬ್ಬರು. ಕೀಳುಜಾತಿಯವರೆಂದು ತಿರುವಾಂಕೂರು ಸಂಸ್ಥಾನ ಅವರಿಗೆ ನೌಕರಿ ನಿರಾಕರಿಸಿದಾಗ, ಮೈಸೂರು ಸಂಸ್ಥಾನ ಅವರನ್ನು ಕರೆದು ಕೆಲಸ ಕೊಟ್ಟಿತ್ತು. ಒಬ್ಬರಿಗೆ ಮತದ ಅಡ್ಡಿ, ಇನ್ನೊಬ್ಬರಿಗೆ ಜಾತಿಯ ಅಡ್ಡಿ. ಇಬ್ಬರೂ ಹುಟ್ಟಿದ ನಾಡಿನಿಂದ ಹೊರಗೆ ಬಂದು, ಒಂದೇ ರೋಗದೊಡನೆ ಹೋರಾಡಿದರು. ಯೋಗ್ಯರನ್ನು ಹೊರಗೆ ಅಟ್ಟುವ ನಾಡು ಏನನ್ನು ಕಳೆದುಕೊಳ್ಳುತ್ತದೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಕೆಳಗೆ ಬಿದ್ದ ಇಕ್ಕಳ

ಕೀರ್ತಿ ಹೆಚ್ಚುತ್ತಿದ್ದ ಹೊತ್ತಿನಲ್ಲಿಯೇ ಸಿಡಿಲು ಬಡಿಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಿದರು. ಒಂದು ವಾರವಾಗುವಷ್ಟರಲ್ಲಿ ಅವರಲ್ಲಿ 19 ಮಂದಿಗೆ ಧನುರ್ವಾಯು ಬಂದಿತು. ಹತ್ತೊಂಬತ್ತು ಮಂದಿಯೂ ಸತ್ತರು. ಅವರೆಲ್ಲರಿಗೂ ಮದ್ದು ಕೊಟ್ಟದ್ದು ಒಂದೇ ಸೀಸೆಯಿಂದ.

ತನಿಖೆಗೆ ಕುಳಿತವರು ಮುಂಬಯಿಯ ಪ್ರಯೋಗಶಾಲೆಯಲ್ಲಿಯೇ ತಪ್ಪಾಗಿರಬೇಕೆಂದು ತೀರ್ಮಾನಿಸಿದರು. ಬೇಡಿಕೆ ಹೆಚ್ಚಾದುದರಿಂದ ಮದ್ದು ಬೇಗ ತಯಾರಾಗಲೆಂದು ಹಾಫ್‌ಕಿನ್‌ರವರು ಕ್ರಮವನ್ನು ಸ್ವಲ್ಪ ಬದಲಿಸಿ, ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಬಿಟ್ಟು, ಶಾಖವೊಂದನ್ನೇ ನಂಬಿದ್ದರು. ಅಷ್ಟೇ ಸಾಕಾಯಿತು. ಅವರನ್ನು ಕೆಲಸದಿಂದ ದೂರವಿಟ್ಟರು. ತಾವು ಕಟ್ಟಿ ಬೆಳೆಸಿದ ಸಂಸ್ಥೆಯನ್ನು ಬಿಟ್ಟು ಅವರು 1904ರಲ್ಲಿ ಯೂರೋಪಿಗೆ ಹೋದರು.

ನಿಜ ಸಂಗತಿ ಬೇರೆಯಾಗಿತ್ತು. ಮುಲ್ಕೋವಾಲಿನಲ್ಲಿ ಆ ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿ ಮಾಡದೆ ಅದರಿಂದಲೇ ಬಿರಡೆ ಕಿತ್ತಿದ್ದರು. ಧನುರ್ವಾಯುವಿನ ಕ್ರಿಮಿಯ ಬೀಜಕಗಳು ಇರುವುದೇ ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ. ಮುಂಬಯಿಯಲ್ಲಿಯೇ ಅವು ಸೀಸೆ ಸೇರಿದ್ದರೆ, ವಾರಗಟ್ಟಲೆ ಬೆಳೆದು ಮದ್ದು ನಾರಬೇಕಾಗಿತ್ತು. ಸೀಸೆ ತೆರೆದಾಗ ಅಂತಹ ನಾತ ಬಂದಿರಲಿಲ್ಲ. ಈ ಸಂಗತಿಗಳೆಲ್ಲ ತನಿಖೆಯ ಕಾಗದಗಳಲ್ಲಿಯೇ ಇದ್ದರೂ ವರ್ಷಗಟ್ಟಲೆ ಯಾರೂ ಗಮನವಿಟ್ಟು ನೋಡಲಿಲ್ಲ. ಕೊನೆಗೆ, ಮಲೇರಿಯ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿದ ರೊನಾಲ್ಡ್ ರಾಸ್‌ರವರು ಹಾಫ್‌ಕಿನ್‌ರ ಪರವಾಗಿ ನಿಂತರು. 1907ರಲ್ಲಿ ಹತ್ತು ಮಂದಿ ಹೆಸರಾಂತ ವಿಜ್ಞಾನಿಗಳು ಸೇರಿ ಲಂಡನ್ನಿನ ಪತ್ರಿಕೆಗೆ ಬರೆದರು. ಅದೇ ವರ್ಷದ ಕೊನೆಗೆ ಸರ್ಕಾರ ಹಾಫ್‌ಕಿನ್‌ರನ್ನು ಅಪವಾದದಿಂದ ಬಿಡುಗಡೆ ಮಾಡಿತು. ಐದು ವರ್ಷ ಆ ಮನುಷ್ಯ ಹೊತ್ತದ್ದು, ಕೆಳಗೆ ಬಿದ್ದ ಒಂದು ಇಕ್ಕಳದ ಭಾರ.

ಮೂರು ಬಗೆಯ ತೊಂದರೆ

ಈ ಘಟನೆಯಿಂದ ನಮ್ಮ ತಾಯಿತಂದೆಯರು ತಿಳಿಯಬೇಕಾದದ್ದು ಬಹಳವಿದೆ. ಚುಚ್ಚುಮದ್ದಿನ ನಂತರ ಬರುವ ತೊಂದರೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದನ್ನು ಇನ್ನೊಂದೆಂದು ತಿಳಿದರೆ ಅನರ್ಥ.

ಮೊದಲನೆಯದು, ಒಂದೆರಡು ದಿನದ ಜ್ವರ, ತೋಳುನೋವು. ಹಾಫ್‌ಕಿನ್‌ರಿಗೂ ಬಂದದ್ದು ಇದೇ. ಕಾವಲುಗಾರರು ಎಚ್ಚರಗೊಂಡಿದ್ದಾರೆಂಬುದರ ಗುರುತು ಇದು, ಹೆದರಬೇಕಾಗಿಲ್ಲ. ಜ್ವರ ಬರಲಿಲ್ಲವೆಂದರೆ ಮದ್ದು ಹಿಡಿಯಲಿಲ್ಲವೆಂದೂ ಅರ್ಥವಲ್ಲ.

ಎರಡನೆಯದು ಅಲರ್ಜಿ, ಅಂದರೆ ಮೈಗೆ ಒಗ್ಗದಿರುವುದು. ಹಾಫ್‌ಕಿನ್‌ರು ಅಪವಾದದಲ್ಲಿ ಬೇಯುತ್ತಿದ್ದ ಅದೇ ವರ್ಷಗಳಲ್ಲಿ, ವಿಯೆನ್ನಾ ನಗರದ ಮಕ್ಕಳ ವೈದ್ಯರಾದ ಪಿರ್ಕೆ ಎಂಬುವರು ಒಂದು ವಿಚಿತ್ರ ಕಂಡರು. ಕುದುರೆಯ ರಕ್ತದಿಂದ ತೆಗೆದ ಮದ್ದನ್ನು ಎರಡನೆಯ ಸಲ ಕೊಟ್ಟಾಗ, ಕೆಲವು ಮಕ್ಕಳಿಗೆ ಮೊದಲಿಗಿಂತ ಬೇಗನೆ, ಮೊದಲಿಗಿಂತ ಜೋರಾಗಿ ಜ್ವರ, ದದ್ದು, ಊತ ಬರುತ್ತಿದ್ದವು. ದೇಹದ ನೆನಪು ಕಾಪಾಡುವುದಷ್ಟೇ ಅಲ್ಲ, ಒಮ್ಮೊಮ್ಮೆ ಕಾಡಲೂಬಹುದು ಎಂದು ಅವರು ಅರಿತು, 1906ರಲ್ಲಿ ಅಲರ್ಜಿ ಎಂಬ ಪದವನ್ನು ಸೃಷ್ಟಿಸಿದರು. ಕಾವಲುನಾಯಿ ಕಳ್ಳನನ್ನು ಬಿಟ್ಟು ನೆಂಟನ ಮೇಲೆ ಹಾರಿದಂತೆ, ದೇಹವು ನಿರಪರಾಧಿ ವಸ್ತುವನ್ನು ಶತ್ರುವೆಂದು ತಿಳಿಯುತ್ತದೆ. ಹೊಲದ ಬದುವಿನ ಪಾರ್ಥೇನಿಯಂ ಗಿಡ ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ತುರಿಕೆ. ಕೆಲವರಿಗೆ ಕಡಲೆಕಾಯಿ ಒಗ್ಗದು, ಕೆಲವರಿಗೆ ಪೆನಿಸಿಲಿನ್ ಒಗ್ಗದು. ಲಸಿಕೆಯಿಂದ ತೀವ್ರವಾದ ಅಲರ್ಜಿ ಬಹಳ ಅಪರೂಪ. ಬಂದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ದದ್ದು, ತುಟಿ ಊತ, ಉಸಿರುಕಟ್ಟು ತೋರುತ್ತವೆ. ತಕ್ಷಣ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರೆ ಪ್ರಾಣ ಉಳಿಯುತ್ತದೆ. ಆದುದರಿಂದಲೇ ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕೆಂದು ದಾದಿಯರು ಹೇಳುವುದು. ಬಸ್ಸು ತಪ್ಪುತ್ತದೆಂದು ಓಡಿಬರಬಾರದು. ಮಗುವಿಗೆ ಹಿಂದೆ ಯಾವುದಾದರೂ ಮದ್ದು ಒಗ್ಗದಿದ್ದರೆ ಮೊದಲೇ ಹೇಳಬೇಕು.

ಮೂರನೆಯದು ಮುಲ್ಕೋವಾಲಿನದು: ಮದ್ದಿನ ದೋಷವಲ್ಲ, ಅಲರ್ಜಿಯೂ ಅಲ್ಲ, ಕೊಳೆಯಾದ ಉಪಕರಣದ ದೋಷ. ಈಗ ಒಬ್ಬರಿಗೆ ಒಂದೇ ಸೂಜಿ, ಒಮ್ಮೆ ಬಳಸಿದರೆ ಮತ್ತೆ ಬಳಸಲಾಗದ ಸಿರಿಂಜು ಬಂದಿವೆ. ಮಣ್ಣಿನಲ್ಲಿರುವ ಅದೇ ಧನುರ್ವಾಯುವಿಗೂ ಲಸಿಕೆ ಬಂದಿದೆ. ಹುಟ್ಟಿದ ಮಗುವಿನಿಂದ ಮೊದಲುಮಾಡಿ ಕೊಡುವ ಲಸಿಕೆಗಳ ಸಾಲಿನಲ್ಲಿ, 10ನೆಯ ಮತ್ತು 16ನೆಯ ವಯಸ್ಸಿಗೆ ಕೊಡುವ ಟಿ.ಡಿ. ಚುಚ್ಚುಮದ್ದು ನಮ್ಮ ಶಾಲೆಯ ವಯಸ್ಸಿನವರದೇ. ಅದನ್ನು ತಪ್ಪಿಸಿಕೊಳ್ಳಲು ಬೆಂಚಿನ ಹಿಂದೆ ಅಡಗುವ ವೀರರು ಮುಲ್ಕೋವಾಲಿನ ಹತ್ತೊಂಬತ್ತು ಜನರನ್ನು ನೆನೆಯಲಿ.

ಕೊನೆಯ ದಿನಗಳು

ಅಪವಾದ ನೀಗಿದ ಮೇಲೆ ಹಾಫ್‌ಕಿನ್‌ರವರು ಮತ್ತೆ ಭಾರತಕ್ಕೇ ಬಂದರು. ಆದರೆ ಮುಂಬಯಿಯ ಸಂಸ್ಥೆ ಅವರಿಗೆ ಸಿಕ್ಕಲಿಲ್ಲ. ಕಲ್ಕತ್ತೆಯ ಒಂದು ಪ್ರಯೋಗಶಾಲೆಯಲ್ಲಿ ಸದ್ದಿಲ್ಲದೆ ದುಡಿದು, 1914ರಲ್ಲಿ ನಿವೃತ್ತರಾಗಿ ಯೂರೋಪಿಗೆ ತೆರಳಿದರು. ಅವರು ಮದುವೆಯಾಗಲಿಲ್ಲ. ಉಳಿದ ಕಾಲವನ್ನು ಧರ್ಮಚಿಂತನೆಯಲ್ಲಿ ಕಳೆದು, ತಮ್ಮ ಉಳಿತಾಯವನ್ನು ಯಹೂದಿ ಪಾಠಶಾಲೆಗಳಿಗೆ ಬಿಟ್ಟುಕೊಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗಲೇ, 1925ರಲ್ಲಿ, ಮುಂಬಯಿಯ ಸಂಸ್ಥೆಗೆ ಹಾಫ್‌ಕಿನ್ ಸಂಸ್ಥೆಯೆಂದು ಹೆಸರಿಟ್ಟರು. ಆ ವರ್ಷದವರೆಗೆ ಅಲ್ಲಿಂದ ಹೊರಗೆ ಹೋದ ಪ್ಲೇಗು ಲಸಿಕೆ 2 ಕೋಟಿ 60 ಲಕ್ಷ ಡೋಸುಗಳೆಂದು ಲೆಕ್ಕ. 1964ರಲ್ಲಿ ನಮ್ಮ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ನಮಗೆ ಉಳಿದಿರುವ ಪಾಠ

ಪ್ಲೇಗು ಈಗ ಮೊದಲಿನಂತಿಲ್ಲ. ಸ್ಟ್ರೆಪ್ಟೊಮೈಸಿನ್, ಡಾಕ್ಸಿಸೈಕ್ಲಿನ್ ಮುಂತಾದ ಔಷಧಗಳನ್ನು ಬೇಗನೆ ಕೊಟ್ಟರೆ ರೋಗಿ ಬದುಕುತ್ತಾನೆ. ಹಾಫ್‌ಕಿನ್‌ರ ಹಳೆಯ ಲಸಿಕೆಯನ್ನು ಈಗ ಜನರಿಗೆ ಕೊಡುವುದಿಲ್ಲ. ಆದರೆ ಸತ್ತ ಕ್ರಿಮಿಯಿಂದ ದೇಹಕ್ಕೆ ಪಾಠ ಕಲಿಸುವ ಅವರ ಮಾರ್ಗದಲ್ಲಿ ಇಂದಿಗೂ ಅನೇಕ ಲಸಿಕೆಗಳು ತಯಾರಾಗುತ್ತಿವೆ. 2021ರಲ್ಲಿ ಕೊರೋನಾ ಲಸಿಕೆಗಾಗಿ ಜನರು ಸಾಲಿನಲ್ಲಿ ನಿಂತದ್ದು ನಮ್ಮೆಲ್ಲರಿಗೂ ನೆನಪಿದೆ. ಅವುಗಳಲ್ಲಿ ನಮ್ಮ ದೇಶದಲ್ಲೇ ತಯಾರಾದ ಕೊವ್ಯಾಕ್ಸಿನ್ ಸತ್ತ ವೈರಸ್ಸಿನಿಂದ ಮಾಡಿದ್ದು.

ಕರ್ನಾಟಕ, ಆಂಧ್ರ, ತಮಿಳುನಾಡು ಈ ಮೂರೂ ಕೂಡುವ ನಮ್ಮ ಮೂಲೆ ಬಹುಕಾಲದಿಂದ ಪ್ಲೇಗಿನ ಕಾವಲಿನಲ್ಲಿದೆ. ಪಕ್ಕದ ಕೋಲಾರ ಜಿಲ್ಲೆಯಲ್ಲಿ 1966ರಲ್ಲಿ ರೋಗ ಕಂಡ ಮೇಲೆ, 1994ರವರೆಗೆ ದೇಶದಲ್ಲಿ ಮನುಷ್ಯರಲ್ಲಿ ಅದು ಖಚಿತವಾಗಿ ಕಾಣಲಿಲ್ಲ. ಇಲಿ, ಚಿಗಟ, ಸೊಳ್ಳೆಗಳಿಂದ ಬರುವ ರೋಗಗಳ ಮೇಲೆ ಕಣ್ಣಿಡುವ ತಮಿಳುನಾಡು ಸರ್ಕಾರದ ಸಂಸ್ಥೆಯೊಂದು ಹೊಸೂರಿನಲ್ಲಿಯೇ ಇದೆ. ರೋಗ ಹೋದರೂ ಕಾವಲು ಹೋಗಬಾರದು.

ವಿದ್ಯಾರ್ಥಿಗಳೇ, ಹಾಫ್‌ಕಿನ್‌ರ ಬಾಳಿನಿಂದ ನಾವು ಎರಡು ಮಾತು ಕಲಿಯೋಣ. ಪರರಿಗೆ ಕೊಡುವ ಮದ್ದನ್ನು ಮೊದಲು ತಾವೇ ತೆಗೆದುಕೊಂಡ ಅವರ ಧೈರ್ಯ ಒಂದು. ಕೈಯಿಂದ ಬಿದ್ದ ಇಕ್ಕಳವನ್ನು ಚೆನ್ನಾಗಿ ಶುದ್ಧಿಮಾಡದೆ ಬಳಸಬಾರದೆಂಬ ಎಚ್ಚರ ಇನ್ನೊಂದು. ಮುಂದೆ ನಿಮ್ಮಲ್ಲಿ ಯಾರಾದರೂ ವೈದ್ಯರೋ ದಾದಿಯರೋ ಆದರೆ ಎರಡನ್ನೂ ಕೈಯಲ್ಲಿಟ್ಟುಕೊಳ್ಳಿ. ಆಗದಿದ್ದರೂ, ಏನಾದರೂ ಕೆಟ್ಟದ್ದು ನಡೆದಾಗ ಯಾರ ಮೇಲಾದರೂ ತಪ್ಪು ಹೊರಿಸುವ ಮೊದಲು, ನಿಜವಾಗಿ ಏನಾಯಿತೆಂದು ಕೊನೆಯವರೆಗೆ ವಿಚಾರಿಸಿ ನೋಡಿ. ಅಷ್ಟು ಮಾಡಿದರೆ, ನಮ್ಮ ಹಿರಿಯರ ಊರುಗಳಿಗೆ ಮದ್ದು ಕಳುಹಿಸಿದ ಆ ಮಹನೀಯರ ಋಣದಲ್ಲಿ ಸ್ವಲ್ಪವನ್ನಾದರೂ ತೀರಿಸಿದಂತಾಗುತ್ತದೆ.